ಗೋಗಿಯ ಅತ್ತೆಗೆ ಗ್ರೇಟೆಸ್ಟ್ ಹಿಟ್ಸ್

ತನಗೆ ಇಷ್ಟವಾದದ್ದನ್ನು ಒಬ್ಬನೇ ಇಷ್ಟಪಟ್ಟುಕೊಂಡು ಸುಮ್ಮನಿರುವುದು ಮನುಷ್ಯನಿಂದ ಆಗದ ಕೆಲಸ. ಎಲ್ಲೋ ಒಂದು ಕಡೆ ಒಳ್ಳೆಯ ಮಿರ್ಚಿ ಭಜಿ ತಿಂದವನು ಎದುರಿಗೆ ಸಿಕ್ಕವರನ್ನೆಲ್ಲ ಅದೇ ಹೋಟೆಲಿಗೆ ಎಳೆದೊಯ್ಯುತ್ತಾನೆ. ಅವರು ತಿಂದು 'ಪರವಾಗಿಲ್ಲ' ಎಂದರೆ ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ನನ್ನ ಪಾಲಿಗೆ ಅಂಥ ಮಿರ್ಚಿ ಎಂದರೆ ಒಂದು ಇಂಗ್ಲಿಷ್ ರಾಕ್ ಕ್ಯಾಸೆಟ್. ಹೈದರಾಬಾದಿನಲ್ಲಿ ಓದುವಾಗ ನನ್ನ ಕೋಣೆಯಲ್ಲಿದ್ದ ಗೆಳೆಯ ಕೊಟ್ಟಿದ್ದು. ಕವರಿನ ಮೇಲಿನ ಚಿತ್ರದಲ್ಲಿ ಉದ್ದ ಕೂದಲಿನ ನಾಲ್ವರು, ಬಸ್ಸಿನಲ್ಲಿ ಟವೆಲ್ ಹಾಕಿ ಹಿಡಿದಿಟ್ಟ ಸೀಟನ್ನು ಯಾರೋ ಕಸಿದುಕೊಂಡವರ ಹಾಗೆ ಮುಖ ಗಂಟಿಕ್ಕಿ ನಿಂತಿದ್ದರು. ಕೆಳಗೆ ದೊಡ್ಡದಾಗಿ 'ಗ್ರೇಟೆಸ್ಟ್ ಹಿಟ್ಸ್' ಎಂದಿತ್ತು. ಅಂದರೆ ಆ ತಂಡ ಅಲ್ಲಿಯವರೆಗೆ ಹಾಡಿದ್ದರಲ್ಲಿ ಹೆಸರು ಮಾಡಿದವನ್ನಷ್ಟೇ ಆರಿಸಿ ಒಂದೆಡೆ ಸೇರಿಸಿದ್ದು. ರಾಕ್ ಸಂಗೀತದ ಗಾಳಿ ಸೋಕದವರಿಗೆ ಮೊದಲು ಕೇಳಿಸಬೇಕಾದದ್ದು ಇದೇ ಎಂದು ನಾನು ಬಲವಾಗಿ ನಂಬಿದ್ದೆ. ನಮ್ಮ ಸುರಪುರದಲ್ಲಿ ಗಾಳಿ ಸೋಕದವರಿಗೆ ಕೊರತೆಯಿರಲಿಲ್ಲ. ಸೋಕಿಸಿಕೊಳ್ಳಲು ಮಾತ್ರ ಯಾರೂ ತಯಾರಿರಲಿಲ್ಲ.

ಆಗ ನಾನು ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಮನೆ ರಂಗಂಪೇಟೆಯಲ್ಲಿ. ಊರಿಡೀ ನೀರಿನದೇ ಮಾತು. ಯಾರ ಹೊಲಕ್ಕೆ ನೀರು ಹತ್ತುತ್ತದೆ, ಯಾರದು ಕಾಲುವೆಗಿಂತ ಮೇಲೆ ಉಳಿದು ಒಣಗುತ್ತದೆ ಎಂಬ ಲೆಕ್ಕಾಚಾರದ ನಡುವೆ ನನ್ನ ನಾಲ್ವರನ್ನು ಕೇಳುವವರು ಯಾರು? ಆಫೀಸಿನ ಗೆಳೆಯನೊಬ್ಬನಿಗೆ ಕೇಳಿಸಿದೆ. ಅವನು ಪಾಪ, ಟೇಪ್ ರೆಕಾರ್ಡರಿನ ವೈರು ಸಡಿಲಾಗಿದೆಯೆಂದು ತಿಳಿದು ಅಲುಗಾಡಿಸಿ ನೋಡಿದ. ಮನೆಯಲ್ಲಿ ಹೆಂಡತಿ ಮಹಾದೇವಿಯದು ಒಂದೇ ಪ್ರಶ್ನೆ: "ಏನ್ರಿ, ನಾ ರೊಟ್ಟಿ ಬಡಿಯೋ ಸಪ್ಪಳ ನಿಮಗ ಸಾಲಲ್ಲೇನು?"

ಹೀಗಿರುವಾಗ ಗೋಗಿಯಿಂದ ಅತ್ತೆ ಶರಣಮ್ಮ ನಮ್ಮ ಮನೆಗೆ ಬಂದರು. ಅವರು ತಮ್ಮ ಊರಿನ ಹೆಂಗಸರ ಭಜನಾ ತಂಡದ ಯಜಮಾನಿ. ಅವರು ತಾಳ ಹಿಡಿದು ಕುಳಿತರೆ ಗಂಡಸರ ತಂಡದವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರು. ಅಂಥವರಿಗೆ ಕೇಳಿಸುವುದೇ? ಕೇಳಿಸಲೇಬೇಕು ಎಂದಿತು ನನ್ನೊಳಗಿನ ಮಿರ್ಚಿ. ಒಂದು ಮಧ್ಯಾಹ್ನ ಮಹಾದೇವಿ ಬಜಾರಿಗೆ ಹೋದಳು. ಅತ್ತೆ ತಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದರು. "ಅತ್ತಿ, ಜರಾ ಒಂದು ಹಾಡು ಹಚ್ಚಲೇನ್ರಿ? ಎಲ್ಲಾ ಆರಿಸಿದ್ವು ಅದಾವ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗುಂಡಿ ಒತ್ತಿದೆ.

ಮೊದಲ ಹಾಡು ಶುರುವಾಗುತ್ತಲೇ ಅತ್ತೆ ತಟ್ಟೆಯನ್ನು ಟೇಪಿನಿಂದ ದೂರ ಸರಿಸಿಕೊಂಡರು.

"ಯಾಕ ಹಿಂಗ ಒದರಾಕತ್ತಾನ? ಯಾರರ ಬಡದಾರೇನು ಅವಗ?"

"ಇಲ್ರಿ ಅತ್ತಿ. ಅವನ ಹುಡುಗಿ ಬಿಟ್ಟು ಹೋಗ್ಯಾಳ. ಅದಕ್ಕ."

"ಹಿಂಗ ಒದರಿದ್ರ ಬಿಟ್ಟು ಹೋಗದ ಮತ್ತೇನು ಮಾಡ್ತಾಳ ಅಕಿ?"

ಎರಡನೆಯ ಹಾಡಿಗೆ ಅವರು ತಲೆ ತಗ್ಗಿಸಿ ಮತ್ತೆ ಅಕ್ಕಿ ಆರಿಸತೊಡಗಿದರು. ಮನೆಯಲ್ಲಿ ಅಳಿಯನ ಮಾನ ಉಳಿಸಬೇಕಲ್ಲ! ಮೂರನೆಯದು ಬರೀ ಡ್ರಮ್ಮಿನಿಂದ ಆರಂಭವಾಗುತ್ತದೆ. ಅತ್ತೆಯ ಕೈ ಅಕ್ಕಿಯಲ್ಲಿ ನಿಂತಿತು. ಆಮೇಲೆ ಬೆರಳು ನಿಧಾನವಾಗಿ ತಟ್ಟೆಯ ಅಂಚಿಗೆ ಬಂದು ತಾಳ ಹಾಕತೊಡಗಿತು.

"ತಡೀರಿ ಅಳಿಯಂದ್ರ. ಹಿಂದಕ್ಕ ತಿರುವ್ರಿ ಅದನ್ನ."

ತಿರುವಿದೆ. ಮತ್ತೆ ತಿರುವಿದೆ. ಮಹಾದೇವಿ ಚೀಲ ಹೊತ್ತು ಬಂದಾಗ ನಾವಿಬ್ಬರೂ ಟೇಪಿನ ಮುಂದೆ ತಲೆಗೆ ತಲೆ ತಾಗಿಸಿ ಕುಳಿತಿದ್ದೆವು. ಅಕ್ಕಿಯನ್ನು ಗುಬ್ಬಿಗಳು ಆರಿಸುತ್ತಿದ್ದವು.

"ಯವ್ವಾ! ನೀನೂ ಸುರು ಮಾಡಿದೇನು?"

"ಸುಮ್ಮ ಕುಂದ್ರು. ಈ ಡೋಲಿನಾಂವ ನಡುವ ಒಂದು ಪೆಟ್ಟು ಬೇಕಂತ ಬಿಡತಾನ. ಆ ಬಿಟ್ಟಿದ್ದ ಪೆಟ್ಟ ಕಿವ್ಯಾಗ ಕುಣಿಯಾಕತ್ತೈತಿ."

ಊರಿಗೆ ಹೊರಟಾಗ ಅವರು ಕ್ಯಾಸೆಟ್ಟನ್ನಷ್ಟೇ ಅಲ್ಲ, ಟೇಪ್ ರೆಕಾರ್ಡರನ್ನೂ ಸೀರೆಯಲ್ಲಿ ಸುತ್ತಿಕೊಂಡು ಹೋದರು. ಮನೆ ಭಣಗುಟ್ಟಿತು. ಆದರೆ ಕೋಟೆ ಗೆದ್ದ ಸೇನಾಪತಿ ತನ್ನ ಮನೆಯಲ್ಲಿ ಹಾಡು ಕೇಳಿಸುತ್ತದೆಯೋ ಇಲ್ಲವೋ ಎಂದು ನೋಡುತ್ತಾನೆಯೇ?

ಅಷ್ಟರಲ್ಲಿ ಹೊಸ ಉಪಕಾಲುವೆಗೆ ಮೊದಲ ಸಲ ನೀರು ಬಿಡುವ ಸಮಾರಂಭ ಬಂತು. ಜನ ಸೇರಿಸಿ ಕೂರಿಸುವ ಹೊಣೆ ನನ್ನ ತಲೆಗೆ. ಮೈಸೂರು ಕಡೆಯ ನಮ್ಮ ಎಂಜಿನಿಯರ್ ಸಾಹೇಬರು ಮೆಲ್ಲಗೆ, "ನೋಡಿ, ಅತಿಥಿಗಳು ಬರುವಾಗ ಕುರ್ಚಿ ಖಾಲಿ ಇದ್ದರೆ, ನಾಳೆ ಆಫೀಸಿನಲ್ಲಿ ನಿಮ್ಮ ಕುರ್ಚಿಯೂ ಖಾಲಿ" ಎಂದಿದ್ದರು. ನಾನು ಅತ್ತೆಯ ತಂಡವನ್ನೇ ಕರೆಸಿದ್ದೆ. ಹೇಳಿದ ಹೊತ್ತಿಗೆ ಅತಿಥಿಗಳು ಬರಲಿಲ್ಲ. ಬಿಸಿಲು ಏರಿತು. ಹೆಂಗಸರು ಇದ್ದಬದ್ದ ಭಜನೆಗಳನ್ನೆಲ್ಲ ಹಾಡಿ ಮುಗಿಸಿದರು. ಜನ ಟವೆಲ್ ಕೊಡವಿ ಏಳತೊಡಗಿದರು. ನಾನು ವೇದಿಕೆಯ ಬದಿಗೆ ಓಡಿ, "ಅತ್ತಿ, ನನ್ನ ನೌಕರಿ ಹೋಗತೈತ್ರಿ! ಏನರ ಮಾಡ್ರಿ!" ಎಂದೆ.

ಅತ್ತೆ ನನ್ನನ್ನೊಮ್ಮೆ ನೋಡಿದರು. ಢೋಲಕಿನ ಹೆಂಗಸಿನ ಕಿವಿಯಲ್ಲಿ ಏನೋ ಹೇಳಿದರು. ಢೋಲಕ್ಕು ಒಂಟಿಯಾಗಿ ಶುರುವಾಯಿತು. ಒಂದು ಪೆಟ್ಟು, ಎರಡು ಪೆಟ್ಟು, ಆಮೇಲೆ ಬೇಕೆಂದೇ ಬಿಟ್ಟ ಆ ಪೆಟ್ಟು. ಅದು ಮೂರನೆಯ ಹಾಡು! ಅದರ ಬೆನ್ನ ಮೇಲೆ ಆಗಲೇ ಹಾಡಿದ್ದ ಹಳೆಯ ಭಜನೆ ಸವಾರಿ ಹೊರಟಿತು. ಎದ್ದವರು ನಿಂತರು, ಹೋದವರು ಹಿಂದಿರುಗಿದರು. ಚಪ್ಪಾಳೆ ಹಿಂದಿನ ಸಾಲಿನಿಂದ ಹುಟ್ಟಿ ಮುಂದಕ್ಕೆ ಬಂತು. ನಮ್ಮ ಆಫೀಸಿನ ಜವಾನ ಹಾರದ ಬುಟ್ಟಿಯನ್ನು ಕೆಳಗಿಟ್ಟು ಕುಣಿದ. ಈ ನಡುವೆ ಅತಿಥಿಗಳ ಜೀಪು ಬಂದು ನಿಂತದ್ದನ್ನು ಯಾರೂ ನೋಡಲಿಲ್ಲ. ಅವರು ಜನರ ನಡುವೆಯೇ ನಿಂತು ಪೂರ್ತಿ ಕೇಳಿ, "ಇನ್ನೊಮ್ಮೆ ಆಗ್ಲಿ ತಾಯಿ" ಎಂದು ತಾವೇ ಕೂಗಿದರು. ಎರಡನೆಯ ಸಲ ಹಾಡುವಾಗ ಕಾಲುವೆಯ ಗೇಟು ಎತ್ತಿದರು. ಕೆಂಪು ನೀರು ನುಗ್ಗಿ ಬಂತು, ಜನ ಚಪ್ಪಾಳೆ ಬಿಡದೆ ಅದರ ಜೊತೆ ದಂಡೆಯ ಮೇಲೆ ಓಡಿದರು.

ಸಾಹೇಬರು ನನ್ನ ಕೈ ಕುಲುಕಿದರು. "ಅದ್ಭುತ ಕಣ್ರೀ! ಇದು ಯಾವ ಕಡೆಯ ಮಟ್ಟು?"

"ಇಂಗ್ಲೆಂಡಿಂದು ಸರ್. ನಾನೇ ಇವರಿಗೆ ಪರಿಚಯಿಸಿದ್ದು" ಎಂದೆ ಎದೆಯುಬ್ಬಿಸಿ. ಅವರು ಬಹಳ ಹೊತ್ತು ನಕ್ಕರು.

ಸಂಜೆ ಮನೆಯಲ್ಲಿ ಅತ್ತೆಯ ಬಾಯಿಂದ ಎರಡು ಒಳ್ಳೆಯ ಮಾತು ಬೀಳಲೆಂದು ಕಾದೆ. ಅವರು ಚಹಾ ಮುಗಿಸಿ ಕೇಳಿದರು: "ಅಳಿಯಂದ್ರ, ಇವು ಆರಿಸಿದ ಹಾಡು ಅಂದ್ರಿ. ಉಳದವು ಎಲ್ಲಿ ಅದಾವ?"

"ಉಳದವು ಅಂದ್ರ?"

"ಆರಿಸಿದ ಮ್ಯಾಲ ಉಳದವು ಇರಬೇಕಲ್ರಿ? ಮಂದಿ ಮೆಚ್ಚಿದ್ದು ಇದರಾಗ ಹಾಕ್ಯಾರ. ಆ ಡೋಲಿನಾಂವ ತಾನು ಮೆಚ್ಚಿದ್ದು ಎಲ್ಲೈತಿ?"

ಆ ಕ್ಯಾಸೆಟ್ಟಿನಾಚೆಗೆ ಆ ತಂಡದ ಒಂದು ಹಾಡನ್ನೂ ನಾನು ಕೇಳಿರಲಿಲ್ಲ. ಮಹಾದೇವಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಹೈದರಾಬಾದಿಗೆ ಹೋಗಿ ಆ ತಂಡದ ಮಿಕ್ಕ ಕ್ಯಾಸೆಟ್ಟುಗಳನ್ನೆಲ್ಲ ಹುಡುಕಿ ತಂದುಕೊಟ್ಟೆ. ಅವು ನೇರ ಗೋಗಿಗೆ ಹೋದವು. ಮುಂದೆ ನಾನು ಅಲ್ಲಿಗೆ ಹೋದಾಗ ಪಡಸಾಲೆಯಲ್ಲಿ ಭಜನೆಯ ಹೆಂಗಸರೆಲ್ಲ ಟೇಪಿನ ಸುತ್ತ ಕುಳಿತಿದ್ದರು. ನಾನೂ ಹೋಗಿ ಕುಳಿತೆ. ಅತ್ತೆ ಎದ್ದು ಆ ಗ್ರೇಟೆಸ್ಟ್ ಹಿಟ್ಸ್ ಕ್ಯಾಸೆಟ್ಟನ್ನು ತಂದು ನನ್ನ ಕೈಯಲ್ಲಿಟ್ಟು, ಪ್ರೀತಿಯಿಂದಲೇ, ಎಲ್ಲರಿಗೂ ಕೇಳಿಸುವಂತೆ ಹೇಳಿದರು:

"ಇವ್ರು ನಮ್ಮ ಅಳಿಯಂದ್ರವ್ವಾ. ಪಾಪ, ಈಗಿನ್ನಾ ಕೇಳಾಕ ಸುರು ಮಾಡ್ಯಾರ."