ಗೋಪಾಲಸ್ವಾಮಿ ಸಮುದ್ರ ನೋಡಿದ್ದು

ನಶ್ಯ ಬಿಡುವುದಕ್ಕೆ ಗೋಪಾಲಸ್ವಾಮಿಗೆ ಯಾವ ಅಡ್ಡಿಯೂ ಇರಲಿಲ್ಲ. ಸಮುದ್ರ ನೋಡಬೇಕಿತ್ತು, ಅಷ್ಟೇ.

ಮದುವೆಯಾದ ಹೊಸದರಲ್ಲಿ ಹೆಂಡತಿ ಯದುಗಿರಿ, "ಈ ದರಿದ್ರ ನಶ್ಯ ಯಾವಾಗ ಬಿಡ್ತೀರಿ?" ಎಂದು ಕೇಳಿದ್ದಳು. "ಸಮುದ್ರ ನೋಡಿದ ದಿನ. ಚೆನ್ನಕೇಶವನಾಣೆ, ಡಬ್ಬೀನ ಅಲ್ಲೇ ಎಸೆದು ಬರ್ತೀನಿ" ಎಂದುಬಿಟ್ಟಿದ್ದ. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರುವುದಿಲ್ಲವೇ, ಹಾಗೆ. ಅರಸೀಕೆರೆಯಲ್ಲಿ ಕೂತು ಸಮುದ್ರದ ಮಾತಾಡುವುದು ಎಷ್ಟು ಕ್ಷೇಮವೆಂದು ಅವನಿಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಗುಮಾಸ್ತನಾದ ಮೇಲೆ ಉಡುಪಿಗೆ ಶಾಲೆಯ ಟೂರು ಹೊರಟಾಗಲೆಲ್ಲ ಅವನಿಗೆ ಜ್ವರ, ಮಂಗಳೂರಿನಿಂದ ಮದುವೆಯ ಕರೆ ಬಂದಾಗಲೆಲ್ಲ ಸೊಂಟನೋವು. ಜಾವಗಲ್ಲಿನ ಒಣ ಬೆದ್ದಲು ಸೀಮೆಯಲ್ಲಿ ಹುಟ್ಟಿದ ಯದುಗಿರಿ ಸಮುದ್ರವನ್ನು ಕ್ಯಾಲೆಂಡರಿನಲ್ಲೇ ನೋಡಿಕೊಂಡು ತಲೆ ನರೆಸಿಕೊಂಡಳು.

ಹೀಗಿರುವಾಗ ೨೦೦೨ರ ಜನವರಿಯಲ್ಲಿ ಚರಿತ್ರೆ ಮೇಷ್ಟ್ರು ಭೀಮರಾಜ್ ಒಂದು ಭಾನುವಾರದ ನಡಿಗೆ ಹೊರಡಿಸಿದರು. ಬೇಲೂರಿನಿಂದ ಹಳೇಬೀಡಿನವರೆಗೆ, ಹೊಯ್ಸಳರ ಕಾಲದ ಹಳೇ ಕಾಲುವೆಯ ಜಾಡು ಹಿಡಿದು. ಘಟ್ಟದ ಈಚೆಗೇ ತಿರುಗಾಟವೆಂದು ಗೋಪಾಲಸ್ವಾಮಿ ಧೈರ್ಯವಾಗಿ ಹೆಂಡತಿಯನ್ನೂ ಹೊರಡಿಸಿದ. ಪಕ್ಕದ ಮನೆಯ ಕೊಬ್ಬರಿ ಮಂಡಿ ತಮ್ಮಯ್ಯನೂ ಜೊತೆಗೆ ಬಂದ. ಬೇಲಿ ಮೇಲಿನ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಂಡದ್ದು ಗೋಪಾಲಸ್ವಾಮಿಗೆ ತಿಳಿದದ್ದು, ಎಲ್ಲರೂ ಹೊಂಗೆ ಮರದಡಿ ಚಿತ್ರಾನ್ನ ತಿಂದು ಕೂತಾಗ.

"ಈ ಕಾಲುವೆ ಎಲ್ಲಿಗೆ ಹೋಗತ್ತೆ ಮೇಷ್ಟ್ರೇ?" ಎಂದು ಯದುಗಿರಿ ಕೇಳಿದಳು.

"ಸಮುದ್ರಕ್ಕೆ ತಾಯಿ. ಹಳೇಬೀಡಿನ ಕೆರೆಗೆ ದೋರಸಮುದ್ರ ಅಂತ ಹೆಸರಲ್ವೇ? ಅದಕ್ಕೆ ಯಗಚಿ ನೀರು ತರೋಕೇ ಇದನ್ನ ತೋಡಿಸಿದ್ದು ಅಂತಾರೆ."

ಗೋಪಾಲಸ್ವಾಮಿಯ ಬೆರಳ ತುದಿಯ ನಶ್ಯ ಮೂಗಿಗೆ ಏರದೆ ದಾರಿಯಲ್ಲೇ ನಿಂತಿತು. ಯದುಗಿರಿ ಅವನ ಕಡೆ ತಿರುಗಿದಳು.

"ಕೇಳಿಸ್ತೇನ್ರೀ? ಸಮುದ್ರವಂತೆ."

"ಅದು ಕೆರೆ ಕಣೇ. ಸಮುದ್ರ ಅಂದ್ರೆ ಉಪ್ಪಿರಬೇಕು."

ಆಣೆಯ ಕಥೆ ಬೀದಿಗೆಲ್ಲ ಗೊತ್ತಿದ್ದದ್ದೇ. ತಮ್ಮಯ್ಯ ಸುಮ್ಮನಿರುವ ಆಸಾಮಿಯಲ್ಲ. "ಉಪ್ಪು ಕಮ್ಮಿಯಾದ್ರೆ ಸಾರು ಸಾರಲ್ವಾ ಸ್ವಾಮೇರೇ? ರಾಜ್ರೇ ಸಮುದ್ರ ಅಂದವ್ರೆ. ಅವ್ರಿಗಿಂತ ದೊಡ್ಡೋರಾ ನೀವು?" ಎಂದ. ತಿಂದ ಎಲೆ ಮಡಿಸುತ್ತಿದ್ದವರೆಲ್ಲ ರಾಜರ ಪಕ್ಷ ಸೇರಿದರು.

ಉಳಿದದ್ದು ಒಂದೇ ದಾರಿ. ಸ್ವಲ್ಪ ದೂರ ನಡೆದವನೇ ಗೋಪಾಲಸ್ವಾಮಿ ಕಾಲು ಉಳುಕಿತೆಂದು ಕೂತುಬಿಟ್ಟ. "ನೀವೆಲ್ಲ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ."

"ಅದೆಂಗಾಯ್ತದೆ?" ಎಂದ ತಮ್ಮಯ್ಯ, ಹುಲ್ಲು ಹೇರಿಕೊಂಡು ಹಳೇಬೀಡಿನ ಕಡೆ ಹೊರಟಿದ್ದ ಎತ್ತಿನ ಗಾಡಿಯನ್ನು ನಿಲ್ಲಿಸಿ, ಗೋಪಾಲಸ್ವಾಮಿಯನ್ನು ಮೂಟೆಯಂತೆ ಮೇಲಕ್ಕೆ ಹತ್ತಿಸಿದ. ಸಮುದ್ರದಿಂದ ತಪ್ಪಿಸಿಕೊಳ್ಳಲು ಕೂತವನು ಎಲ್ಲರಿಗಿಂತ ಮೊದಲು ಅದರ ಹತ್ತಿರ ಬಂದ. ಕೆರೆಯ ಏರಿ ಸಮೀಪಿಸುತ್ತಲೇ ಹೆಗಲ ಮೇಲಿನ ಟವೆಲ್ಲನ್ನು ಕಣ್ಣಿಗೆ ಬಿಗಿದುಕೊಂಡ. ಆಣೆ ಇಟ್ಟದ್ದು ನೋಡಿದರೆ ಅಂತ, ಕಾಣದಿದ್ದರೆ ನೋಡಿದಂತಲ್ಲವಲ್ಲ. ಹಾಗೆಯೇ ತಡವರಿಸುತ್ತ ಗಾಡಿಯಿಳಿದು ಮೊಣಕಾಲುದ್ದ ಕೆಸರಿನಲ್ಲಿ ಕುಸಿದ.

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು, ಹಿಂದೆ ನಡೆದು ಬಂದವರನ್ನು ತರಾಟೆಗೆ ತೆಗೆದುಕೊಂಡಳು. "ಕಣ್ಣು ಆಪರೇಸನ್ ಆಗಿರೋ ಮನ್ಸನ್ನ ಈ ಬಿಸ್ಲಲ್ಲಿ ಕರ್ಕಂಡ್ ಬಂದಿದೀರಲ್ಲ, ನಿಮ್ಗೇನು ಬುದ್ಧಿ ಐತಾ?"

ಎಲ್ಲರೂ ನಕ್ಕರು. ಯದುಗಿರಿಯ ನಗು ಮಾತ್ರ ಕೇಳಿಸಲಿಲ್ಲ. ಇಷ್ಟು ಹೊತ್ತಿಗೆ ಅವಳು ಟವೆಲ್ಲು ಕಿತ್ತು ಗೆಲ್ಲಬೇಕಿತ್ತು. ಗೋಪಾಲಸ್ವಾಮಿ ತಾಳಲಾರದೆ ಟವೆಲ್ಲಿನ ಅಂಚನ್ನು ಕೊಂಚ ಸರಿಸಿದ.

ಅವಳು ಸೀರೆಯನ್ನು ತುಸು ಮೇಲಕ್ಕೆತ್ತಿ ನೀರಿನಲ್ಲಿ ಪಾದ ಇಟ್ಟು ನಿಂತಿದ್ದಳು. ಗಾಳಿಗೆ ಎದ್ದ ಸಣ್ಣ ಅಲೆ ಬಂದು ಮುಟ್ಟಿದಾಗಲೆಲ್ಲ ಅರ್ಧ ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬರುತ್ತಿದ್ದಳು. ಅವನ ಕಡೆ ನೋಡುತ್ತಲೂ ಇರಲಿಲ್ಲ.

ಗೋಪಾಲಸ್ವಾಮಿಗೆ ನಾಚಿಕೆಯಾಯಿತು. ಚಿಟಿಕೆ ನಶ್ಯಕ್ಕಾಗಿ ಇವಳಿಗೆ ಇಡೀ ಸಮುದ್ರವನ್ನೇ ತಪ್ಪಿಸಿದೆನಲ್ಲ ಎನ್ನಿಸಿತು. ನಾಚಿಕೆಯ ನಡುವೆಯೂ ಗುಮಾಸ್ತನ ಬುದ್ಧಿ ಬಿಡಲಿಲ್ಲ. ಇದನ್ನೇ ಸಮುದ್ರವೆಂದು ಒಪ್ಪಿಬಿಟ್ಟರೆ ಆಣೆಯೂ ತೀರಿತು, ಘಟ್ಟದ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋಗುವುದೂ ತಪ್ಪಿತು. ಟವೆಲ್ಲು ಕಿತ್ತೆಸೆದು ನೀರಿಗಿಳಿದ. ಎಲ್ಲರೂ ನೋಡುತ್ತಿದ್ದಂತೆ ನಶ್ಯದ ಡಬ್ಬಿಯನ್ನು ಬೀಸಿ ಎಸೆದ. ತಮ್ಮಯ್ಯ ಚಪ್ಪಾಳೆ ತಟ್ಟಿದ.

"ಇದೇ ಸಮುದ್ರ, ಯದೂ. ನಾನು ನಶ್ಯ ಬಿಟ್ಟೆ. ನಿಂಗೂ ಸಮುದ್ರ ತೋರಿಸಿದ ಹಾಗಾಯ್ತು."

ಯದುಗಿರಿ ಗಾಬರಿಯಿಂದ ತಿರುಗಿದಳು. "ಅಯ್ಯೋ, ಯಾಕ್ರೀ ಎಸೆದ್ರಿ? ಕಣ್ಣು ಕಟ್ಕೊಂಡು ಕೆಸರಲ್ಲಿ ಬಿದ್ದಿರೋದು ನೋಡಿ ಪಾಪ ಅನ್ನಿಸ್ತು. ಹಾಳಾಗ್ಲಿ, ಆಣೆ ಬೇಡ, ನಶ್ಯ ಹಾಕ್ಕೊಳ್ಳಲಿ, ಒಂದ್ಸಲ ನಿಜವಾದ ಸಮುದ್ರ ತೋರಿಸಿದ್ರೆ ಸಾಕು ಅಂತ ಕೇಳೋಣ ಅಂತಿದ್ದೆ."

ಗೋಪಾಲಸ್ವಾಮಿಯ ಮುಖ ಅರಳಿತು. "ಹಾಗಾದ್ರೆ ಇದು ಸಮುದ್ರ ಅಲ್ಲ ಅಂತ ಒಪ್ತೀಯ?"

"ಕೆರೆ ಕಣ್ರೀ. ನಾನೇನು ಕೆರೆ ನೋಡಿಲ್ವಾ?"

"ಹಾಗಾದ್ರೆ ನಾನು ಬಿಡಬೇಕಾಗೇ ಇಲ್ಲ. ಹಳೇಬೀಡಲ್ಲೇ ಹೊಸ ಡಬ್ಬಿ ತಗೋತೀನಿ."

"ಧಾರಾಳವಾಗಿ ತಗೊಳ್ಳಿ" ಎಂದಳು ಯದುಗಿರಿ, ಸೀರೆಯ ಅಂಚು ಹಿಂಡುತ್ತ. ಗಂಡ ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವ ಹೆಂಗಸು ಅವಳು. "ಬಿಡೋಕೆ ನಿಮ್ಮ ಕೈಲಿ ಆಗತ್ತೆ ಅಂತ ಇವತ್ತು ಗೊತ್ತಾಯ್ತಲ್ಲ, ಇನ್ನು ಆಣೆ ಬೇಡ ಅನ್ನಲ್ಲ. ಬರೋ ಭಾನುವಾರ ತಮ್ಮಯ್ಯನೋರ ವ್ಯಾನು ಮಂಗಳೂರಿಗೆ ಹೋಗತ್ತಂತೆ, ನಡ್ಕೊಂಡು ಬರ್ತಾನೇ ನಮ್ಮಿಬ್ಬರಿಗೂ ಜಾಗ ಹೇಳಿದೀನಿ. ಅಲ್ಲಿ ಎಸೆಯೋಕೂ ಒಂದು ಡಬ್ಬಿ ಬೇಕಲ್ಲ."