ಕ್ಯಾಪ್ಟನ್ನಿಗೆ ಎದುರಾಡುವ ಅಭ್ಯಾಸ

ದೊಡ್ಡವರಿಗೆ ಎದುರಾಡಬಾರದು ಎಂಬುದು ನಮ್ಮ ಮನೆಯಲ್ಲಿ ಮಕ್ಕಳಿಗೆ ಹಾಲು-ಅನ್ನದ ಜೊತೆಗೇ ತಿನ್ನಿಸುವ ಸಂಗತಿ. ನಮ್ಮಪ್ಪ ಒಮ್ಮೆ ಮೆಜೆಸ್ಟಿಕ್ಕಿನಲ್ಲಿ ತಪ್ಪು ಬಸ್ಸು ಹತ್ತಿಸಿದರು. ಬೋರ್ಡು ಓದಲು ಬರುತ್ತಿದ್ದ ನಾವು ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ಹತ್ತಿ, ವಿಜಯನಗರಕ್ಕೆ ಹೋಗಬೇಕಾದವರು ಯಲಹಂಕ ನೋಡಿಕೊಂಡು ಬಂದೆವು. ಅದೇ ಸಂಸ್ಕಾರವನ್ನು ನಾನು ಮಗಳು ಮೈತ್ರಿಗೂ ಧಾರೆಯೆರೆದೆ. ಅದು ಅವಳ ಕೆಲಸಕ್ಕೇ ಅಡ್ಡ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಮೈತ್ರಿ ಪೈಲಟ್. ಅಂದರೆ, ವಿಮಾನ ಓಡಿಸುವ ಲೈಸೆನ್ಸ್ ಇದೆ, ಓಡಿಸಲು ವಿಮಾನ ಕೊಡುವವರಿಲ್ಲ. ತರಬೇತಿ ಶಾಲೆಯ ಪುಟ್ಟ ವಿಮಾನದಲ್ಲಿ ಬಿಸಿಲು, ಗಾಳಿ ಅನ್ನದೆ ಹಾರಿ ಹಾರಿ ಹಾರಾಟದ ಗಂಟೆಗಳನ್ನು ಕೂಡಿಹಾಕಿದ್ದಾಳೆ. ಬರೀ ಗಂಟೆಗಳು ಸಾಲದಂತೆ, ಸ್ವಭಾವವೂ ಸರಿಯಾಗಿರಬೇಕಂತೆ. ವಿಮಾನ ಕಂಪನಿಯ ಪರೀಕ್ಷೆಯಲ್ಲಿ ಇವಳನ್ನು ಸಿಮ್ಯುಲೇಟರ್ ಎಂಬ ನಕಲಿ ವಿಮಾನದಲ್ಲಿ ಕೂರಿಸಿದರು. ಪಕ್ಕದಲ್ಲಿ ಕ್ಯಾಪ್ಟನ್ ಆಗಿ ಕೂತಿದ್ದ ಹಿರಿಯರು ಬೇಕೆಂದೇ ವಿಮಾನವನ್ನು ಇಳಿಸಬಾರದಷ್ಟು ಕೆಳಕ್ಕೆ ಇಳಿಸುತ್ತಾ ಹೋದರು. ಇವಳು ತಡೆಯಬೇಕಿತ್ತು. ತಡೆಯಲಿಲ್ಲ.

"ಗೊತ್ತಾಗಿತ್ತು ಅಪ್ಪ. ಆದ್ರೆ ಅಷ್ಟು ದೊಡ್ಡೋರಿಗೆ ನಾನು ಹೇಗೆ ಹೇಳ್ಲಿ?" ಎಂದು ಮನೆಗೆ ಬಂದು ಅತ್ತಳು.

"ನನ್ನನ್ನ ಕಳ್ಸಿದ್ರೆ ಮೊದಲನೇ ಸಲಕ್ಕೇ ಪಾಸಾಗ್ತಿದ್ದೆ," ಎಂದಳು ನನ್ನ ಹೆಂಡತಿ. ಇದನ್ನು ನಾನು ಅನುಭವದಿಂದ ಒಪ್ಪಿಕೊಂಡೆ.

ಇನ್ನೊಂದೇ ಒಂದು ಅವಕಾಶ ಕೊಡುತ್ತೇವೆ ಎಂದಿದ್ದರು ಕಂಪನಿಯವರು. ನಾನು ಟೊಂಕ ಕಟ್ಟಿ ನಿಂತೆ. ಅಂದಿನಿಂದ ಮನೆಯಲ್ಲಿ ನಾನೇ ಕ್ಯಾಪ್ಟನ್. ಬೇಕೆಂದೇ ತಪ್ಪು ಮಾಡುವುದು ನನ್ನ ಕೆಲಸ, ತಿದ್ದುವುದು ಅವಳ ಕೆಲಸ. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ. "ಅಪ್ಪ, ಬಹುಶಃ ಉಪ್ಪು ಒಂಚೂರು..." ಎಂದು ತಡವರಿಸಿ, ಅದನ್ನೇ ಕಲಸಿಕೊಂಡು ಉಂಡಳು.

"ನೀನು ಬಹುಶಃ ಬಹುಶಃ ಅಂತಿರೋ ಹೊತ್ತಿಗೆ ವಿಮಾನ ಗುಡ್ಡಕ್ಕೆ ಹೊಡೆದಿರತ್ತೆ ಕಣೇ!" ಎಂದು ಗದರಿದೆ. ಗದರಿದ ಮೇಲೆ ಇನ್ನಷ್ಟು ಮೆತ್ತಗಾದಳು. ಆದರೂ ಬಿಡಲಿಲ್ಲ, ಮಾರನೇ ದಿನ ತಾನೇ ಬಂದು, "ಇವತ್ತೇನು ತಪ್ಪು ಮಾಡ್ತೀರಿ?" ಎಂದು ಕೇಳಿದಳು.

ಹೀಗೇ ತಿಂಗಳು ಕಳೆಯುವಷ್ಟರಲ್ಲಿ ಕೆಂಗೇರಿಯಲ್ಲಿ ನನ್ನ ನಾದಿನಿಯ ಗೃಹಪ್ರವೇಶ ಬಂತು. ಹೆಂಡತಿ ಹಿಂದಿನ ದಿನವೇ ಹೋಗಿದ್ದಳು. ಒಳ್ಳೆಯದೇ ಆಯಿತು, ಅವಳು ಕಾರಿನಲ್ಲಿದ್ದರೆ ತಪ್ಪು ಹೇಳುವ ಅವಕಾಶ ಬೇರೆಯವರಿಗೆ ಸಿಗುವುದಿಲ್ಲ. ಅತ್ತಿಗುಪ್ಪೆಯ ಮನೆಯಿಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ದೀಪಾಂಜಲಿ ನಗರದ ಹತ್ತಿರ ಬಲಕ್ಕೆ ತಿರುಗುವ ಬದಲು ಸಿಟಿ ಕಡೆಗೆ ತಿರುಗಬೇಕು ಎಂಬುದು ನಾನು ಯೋಜಿಸಿದ್ದ ತಪ್ಪು.

ಅದಕ್ಕೂ ಮೊದಲೇ ಮೈತ್ರಿ, "ಅಪ್ಪ, ಏನೋ ವಾಸನೆ ಬರ್ತಿದೆ," ಎಂದಳು.

"ಮೈಸೂರು ರೋಡು ಹತ್ರ ಬಂತು ಅಂದ್ಮೇಲೆ ಮೋರಿ ವಾಸನೆ ಇರತ್ತೆ."

"ಅಪ್ಪ, ಹ್ಯಾಂಡ್‌ಬ್ರೇಕ್ ಎಳೆದಿದೆ."

"ಮೂವತ್ತು ವರ್ಷದಿಂದ ಕಾರು ಓಡಿಸ್ತಿದೀನಿ. ನಂಗೆ ಹೇಳ್ಕೊಡ್ತೀಯಾ? ದೊಡ್ಡೋರ ಹತ್ರ ಹೀಗಾ ಮಾತಾಡೋದು?"

ಬಾಯಿಂದ ಹೊರಬಿದ್ದ ಮೇಲೆ ನನಗೇ ಗಾಬರಿಯಾಯಿತು. ತಿಂಗಳ ತಯಾರಿ ಒಂದೇ ಮಾತಿಗೆ ನೀರಿಗೆ ಹೋಯಿತಲ್ಲ! ಪಕ್ಕದಿಂದ ನಾನೆಂದೂ ಕೇಳಿರದ ಸಮಾಧಾನದ ದನಿ: "ಅಪ್ಪ, ಹ್ಯಾಂಡ್‌ಬ್ರೇಕ್ ಹಾಕಿದೆ, ಬ್ರೇಕ್ ಸುಡ್ತಿದೆ. ಎಡಕ್ಕೆ ತಗೊಂಡು ನಿಲ್ಸಿ. ಈಗ್ಲೇ."

ನಿಲ್ಲಿಸಿದೆ. ಅವಳು ಇಳಿದು ಬಂದು ನನ್ನ ಬಾಗಿಲು ತೆಗೆದು ಕೈ ಚಾಚಿದಳು. ನಾನು ಬೀಗದಕೈ ಕೊಟ್ಟೆ. ಬ್ರೇಕ್ ತಣ್ಣಗಾಗುವವರೆಗೂ ಕಾಯಿಸಿ, ಕೆಂಗೇರಿಯವರೆಗೆ ಅವಳೇ ಓಡಿಸಿದಳು. "ಚೆನ್ನಾಗಿ ನಟಿಸಿದ್ರಿ ಅಪ್ಪ," ಎಂದಳು ದಾರಿಯಲ್ಲಿ. ನಾನು ಗಂಭೀರವಾಗಿ ತಲೆಯಾಡಿಸಿದೆ.

ಎರಡನೇ ಪರೀಕ್ಷೆಯಲ್ಲಿ ಮೈತ್ರಿ ಆಯ್ಕೆಯಾದಳು. ಸಿಹಿ ಹಿಡಿದುಕೊಂಡು ಬಂದವಳನ್ನು, "ಕ್ಯಾಪ್ಟನ್ ಹೇಗಿದ್ರಮ್ಮ?" ಎಂದು ಕೇಳಿದೆ.

"ತುಂಬಾ ಒಳ್ಳೇವ್ರು ಅಪ್ಪ. ಒಂದೇ ಸಲ ಹೇಳಿದ್ರೆ ಕೇಳ್ತಾರೆ."

ಒಳಗಿನಿಂದ ಹೆಂಡತಿ ನಕ್ಕಿದ್ದು ಕೇಳಿಸಿತು. ನಕ್ಕಿದ್ದು ಯಾರನ್ನು ನೆನೆದು ಎಂದು ಅವಳನ್ನು ಗಟ್ಟಿಯಾಗಿ ಕೇಳಿಬಿಡಬೇಕು ಅನ್ನಿಸಿತು. ಆದರೆ ನನಗೆ ಎದುರಾಡುವ ತರಬೇತಿ ಕೊಟ್ಟವರಿಲ್ಲ.