ಹಕ್ಕಿ ಕಿತ್ತ ಚೀಲಗಳು

ನಕಲಿ ಮಾಲು ಹಿಡಿಯುವ ಇಲಾಖೆಯ ಅಧಿಕಾರಿ ಬೆಳಿಗ್ಗೆ ಚಹಾ ಕುಡಿಯುತ್ತಾ, "ಇಲ್ಲಿ ಹಕ್ಕಿ ಚೀಲ ಮಾರೋನು ಯಾರಮ್ಮಾ?" ಎಂದು ಕೇಳಿದ್ದೇ ತಡ, ಚಹಾದಕ್ಕನ ಕೈ ಹಾಗೇ ನಿಂತಿತು.

"ಗೊತ್ತಿಲ್ಲ ಸ್ವಾಮಿ, ನಾನು ಈ ಬೀದಿಗೆ ಹೊಸಬಳು" ಎಂದಳು. ಅದೇ ಬೀದಿಯಲ್ಲಿ ಅವಳ ತಲೆಕೂದಲು ನೆರೆತಿತ್ತು.

"ಮಧ್ಯಾಹ್ನ ಬಂದು ಹುಡುಕ್ತೀನಿ ಬಿಡಿ" ಎಂದು ಅವನು ಹೊರಟ. ಉಕ್ಕುತ್ತಿದ್ದ ಹಾಲನ್ನು ಅದರ ಪಾಡಿಗೆ ಬಿಟ್ಟು ಅವಳು ಓಡಿದಳು.

ಚೀಲದಣ್ಣ ಆಗಷ್ಟೇ ಅಂಗಡಿ ತೆರೆದಿದ್ದ. ಚೀಲ ಹೊಲಿಯುವವನು ಅವನೇ. ಮೇಲಿನ ಹಕ್ಕಿ ಮಾತ್ರ ಒಂದು ದೊಡ್ಡ ಕಂಪನಿಯ ಗುರುತು. ಹಕ್ಕಿ ಇಲ್ಲದ ಚೀಲವನ್ನು ಜನ ಮೂಸಿಯೂ ನೋಡುತ್ತಿರಲಿಲ್ಲ. ಪೇಟೆಯಿಂದ ಹಕ್ಕಿಯ ಪಟ್ಟಿ ತಂದು ಹಚ್ಚಿದರೆ ಮುಗಿಬಿದ್ದು ಒಯ್ಯುತ್ತಿದ್ದರು.

ಒಂದು ನೀಲಿ ಚೀಲ ಮಾತ್ರ ಮಾರಾಟಕ್ಕಿರಲಿಲ್ಲ. ಅದರ ಹಕ್ಕಿ ಪೇಟೆಯದಲ್ಲ. ಹೋದ ವರ್ಷ ತೀರಿಕೊಂಡ ಹೆಂಡತಿ ಕಾಯಿಲೆಯ ಹಾಸಿಗೆಯಲ್ಲಿ ಕೂತು ನೂಲಿನಲ್ಲಿ ಬಿಡಿಸಿದ್ದು. ಕಣ್ಣು ಮಂಜಾಗಿ ಹಕ್ಕಿಯ ಹೊಟ್ಟೆ ದಪ್ಪವಾಗಿಬಿಟ್ಟಿತ್ತು. "ಇದು ಉಂಡು ಮಲಗೋ ಹಕ್ಕಿ. ಎಲ್ಲಿಗೂ ಹಾರಿಹೋಗಲ್ಲ ಬಿಡಿ" ಎಂದು ಅವಳೇ ನಕ್ಕಿದ್ದಳು.

"ಅಣ್ಣಾ, ದಾಳಿ! ಮಧ್ಯಾಹ್ನ ಬರ್ತಾನಂತೆ!"

ಚೀಲದಣ್ಣನ ಮುಖ ಗಾಳಿ ಹೋದ ಬಲೂನಿನಂತಾಯಿತು. "ಎಲ್ಲ ಗಂಟು ಕಟ್ಟಿ ನಿಮ್ಮನೇಲಿ ಇಡಲಾ ಅಕ್ಕಾ?"

ಎದುರಂಗಡಿಯ ಕ್ಷೌರದ ಮಾವ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಕತ್ತಿಯೊಂದಿಗೇ ಬಂದ. "ಗಂಟು ಹೊತ್ಕೊಂಡು ಹೋದ್ರೆ ಬೀದಿಯೆಲ್ಲ ನೋಡುತ್ತೆ. ಚೀಲ ಏನು ತಪ್ಪು ಮಾಡ್ತು? ತಪ್ಪಿರೋದು ಹಕ್ಕೀಲಿ. ಹಕ್ಕಿ ಕಿತ್ತಾಕು, ಕೇಸು ಎಲ್ಲಿ ಬರುತ್ತೆ?"

ಎಲ್ಲರೂ ಕೂತು ಕೀಳತೊಡಗಿದರು. ಅರ್ಧ ಗಡ್ಡದ ಗಿರಾಕಿಯೂ ಯಾರೂ ಕರೆಯದೆ ಬಂದು, ಕೊರಳಿನ ಬಟ್ಟೆ ಸಮೇತ ಕೂತ. ಕಿತ್ತ ಹಕ್ಕಿಗಳನ್ನೆಲ್ಲ ಚಹಾದಕ್ಕ ಬಾಚಿ ತನ್ನ ಒಲೆಗೆ ಹಾಕಿದಳು. "ಸಾಕ್ಷೀನೇ ಇರಬಾರದು ನೋಡು."

ಕೆಲಸ ಮುಗಿಸಿ ಚೀಲದಣ್ಣ ತಲೆಯೆತ್ತಿದ. "ಮಾವಾ, ಆ ನೀಲಿ ಚೀಲ ಎಲ್ಲಿ?"

"ಅದು ನಿನ್ನ ಕೈಲಿ ಆಗಲ್ಲ ಅಂತ ನಾನೇ ತೆಗೆದೆ ಕಣಪ್ಪಾ" ಎಂದ ಮಾವ, ಮೆಲ್ಲಗೆ. "ಅದೊಂದರಿಂದ ನೀನು ಜೈಲಿಗೆ ಹೋದ್ರೆ ಅವಳ ಜೀವ ನೋಯಲ್ವಾ? ಒಂದೊಂದೇ ಎಳೆ ಬಿಡಿಸಿದ್ದೀನಿ. ಬಟ್ಟೆಗೆ ಒಂದು ಗೀರೂ ಬಿದ್ದಿಲ್ಲ."

ಚೀಲದಣ್ಣ ಬಯ್ಯಲು ಬಾಯಿ ತೆರೆದ. ಎಷ್ಟೋ ಗಡ್ಡ ಬೋಳಿಸಿದರೂ ಅಲುಗದ ಮಾವನ ಕೈ ಇವತ್ತು ತಪ್ಪಿ, ಬೆರಳು ಕುಯ್ದುಕೊಂಡಿತ್ತು. ನೀಲಿ ಬಟ್ಟೆಗೆ ತಾಗದಂತೆ ಆ ಬೆರಳನ್ನು ದೂರ ಹಿಡಿದಿದ್ದ. ಚೀಲದಣ್ಣ ಒಂದು ಚಿಂದಿ ಹುಡುಕಿ ಆ ಬೆರಳಿಗೆ ಸುತ್ತಿದ.

ಮಧ್ಯಾಹ್ನ ಅಧಿಕಾರಿ ಬಂದ. ಚೀಲಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಹಕ್ಕಿ ಎಲ್ಲಿ?"

"ಯಾವ ಹಕ್ಕಿ ಸ್ವಾಮಿ? ನಮ್ಮದು ಬರೀ ಚೀಲ."

ಅಧಿಕಾರಿ ಆಚೀಚೆ ನೋಡಿ ದನಿ ತಗ್ಗಿಸಿದ. "ಹೆದರಬೇಡಪ್ಪಾ, ಇವತ್ತು ನನಗೆ ರಜೆ. ನಾಳೆ ಮಗಳ ಹುಟ್ಟುಹಬ್ಬ. ಹಕ್ಕಿ ಚೀಲಾನೇ ಬೇಕು ಅಂತ ಅನ್ನ ಬಿಟ್ಟು ಕೂತಿದ್ದಾಳೆ. ಅಸಲಿ ಚೀಲಕ್ಕೆ ನನ್ನ ಸಂಬಳ ಸಾಲಲ್ಲ. ಒಂದಾದ್ರೂ ಇಲ್ವಾ?"

ಚಹಾದಕ್ಕ ಬಾಯಿ ಕಳೆದು ನಿಂತಳು. "ನೀವು ಹಿಡಿದಿದ್ದು ರಾಶಿ ಬಿದ್ದಿರುತ್ತಲ್ಲ ಸ್ವಾಮಿ?"

"ಅದನ್ನ ನಾನೇ ಎದುರು ನಿಂತು ಸುಡಿಸ್ತೀನಮ್ಮ. ಅದರಲ್ಲೊಂದು ಒಯ್ದರೆ ಕಳ್ಳತನ ಆಗಲ್ವಾ?"

ಚಹಾದಕ್ಕ, ಮಾವ, ಚೀಲದಣ್ಣ ಮೂವರೂ ಚಹಾದ ಒಲೆಯ ಕಡೆ ನೋಡಿದರು.

ಅಧಿಕಾರಿ ಕೊನೆಯ ಆಸೆಯಿಂದ ನೀಲಿ ಚೀಲವನ್ನು ಎತ್ತಿ ಬೆಳಕಿಗೆ ಹಿಡಿದ. ಸೂಜಿ ಚುಚ್ಚಿದ ಸಣ್ಣ ತೂತುಗಳಲ್ಲಿ ಬಿಸಿಲು ನುಗ್ಗಿ, ದಪ್ಪ ಹೊಟ್ಟೆಯ ಹಕ್ಕಿಯೊಂದು ಮೂಡಿತು.

"ಇದರಲ್ಲಿ ಇತ್ತಲ್ಲಪ್ಪಾ! ಏನಾಯ್ತು?"

ಚೀಲದಣ್ಣ ಚೀಲವನ್ನು ಇಸಿದುಕೊಂಡು ಎದೆಗವಚಿಕೊಂಡ.

"ಹಾರಿಹೋಗಲ್ಲ ಅಂದಿದ್ದಳು ಸ್ವಾಮಿ."